ಅಜ್ಜಿಯ ಹೆಬ್ಬೆಟ್ಟು

ಅಪ್ಪ ಉಯಿಲು ಬರೆದಿರಲಿಲ್ಲ. ಕೇಳೋ ಧೈರ್ಯ ನಮಗೂ ಇರಲಿಲ್ಲ ಬಿಡಿ. ಎದುರಿಗೆ ಕೂತು ಕಾಫಿ ಕುಡೀತಿರೋ ಅಪ್ಪನ್ನ 'ನೀವು ಹೋದಮೇಲೆ ಮನೆ ಯಾರಿಗೆ?' ಅಂತ ಹೇಗೆ ಕೇಳೋದು, ನೀವೇ ಹೇಳಿ.

ವೈಕುಂಠ ಸಮಾರಾಧನೆ ಮುಗಿಸಿ ಬೀರು ತೆಗೆದರೆ, ಬ್ಯಾಂಕಿನ ಡೆಪಾಸಿಟ್ಟಿಗೆ ನಾಮಿನಿ ಚಿಕ್ಕಪ್ಪ! ಯಾವ ಕಾಲದಲ್ಲಿ ಬರೆಸಿದ್ದೋ. ನಾಮಿನಿ ಅಂದ್ರೆ ದುಡ್ಡು ಇಸ್ಕೊಂಡು ವಾರಸುದಾರರಿಗೆ ಕೊಡಬೇಕಾದವನು ಅಷ್ಟೇ, ಮಾಲೀಕ ಅಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಪುಣ್ಯಕ್ಕೆ ಚಿಕ್ಕಪ್ಪನಿಗೆ ಕೋರ್ಟು ಹೇಳಬೇಕಾಗಲಿಲ್ಲ, ಮಾರನೇ ದಿನವೇ ಅಮ್ಮನ ಖಾತೆಗೆ ಹಾಕಿದರು.

ಮನೆಯದ್ದು ಬೇರೆ ಕತೆ. ವಕೀಲರು ವಂಶವೃಕ್ಷ ನೋಡಿದವರೇ, "ನಿಮ್ಮಜ್ಜಿ ಇದ್ದಾರಾ?" ಅಂದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ಉಯಿಲಿಲ್ಲದೆ ತೀರಿಕೊಂಡರೆ ಅವನ ಸ್ವಂತ ಗಳಿಕೆಯಲ್ಲಿ ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲು. (ತಂದೆಗಿಲ್ಲ!) ಅಮ್ಮ, ನಾನು, ತಂಗಿ, ಅಜ್ಜಿ... ನಾಲ್ಕು ಪಾಲು. ಅಜ್ಜಿಯೂ ಉಯಿಲಿಲ್ಲದೆ ಹೋದರೆ ಅವಳ ಕಾಲುಭಾಗ ಚಿಕ್ಕಪ್ಪ, ಅತ್ತೆಯರಿಗೂ ಹಂಚಿಹೋಗುತ್ತೆ.

ಸರಿ, ನಾವು ಮೂವರೂ ಅಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡೋದು ಅಂತಾಯ್ತು. 86 ವರ್ಷದ ಅಜ್ಜಿಯನ್ನ ಆಟೋದಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಆಫೀಸು ಮೊದಲನೇ ಮಹಡಿ, ಲಿಫ್ಟಿಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಸವೆದ ಹೆಬ್ಬೆಟ್ಟು ಆ ಯಂತ್ರಕ್ಕೆ ಗೊತ್ತೇ ಆಗಲಿಲ್ಲ. ಮೂರು ಸಲ ಒರೆಸಿ ಒತ್ತಿಸಿದರು.

"ಏನೋ ಇದು?" ಅಂದಳು.

ಮನೇಲೂ ಹೇಳಿದ್ದೆ. ಮತ್ತೆ ಹೇಳಿದೆ. "ಅಪ್ಪನ ಮನೇಲಿ ನಿಂಗೂ ಒಂದು ಪಾಲಿದೆ ಅಜ್ಜಿ. ಅದನ್ನ ಅಮ್ಮಂಗೆ ಬಿಟ್ಟುಕೊಡ್ತಿದೀಯ."

"ನಂಗೂ ಇಟ್ಟಿದ್ನಾ ಅವ್ನು?"

ಮಗ ಹೋದಮೇಲೆ ಆ ಮುಖ ಅರಳಿದ್ದು ಅವತ್ತೇ ಮೊದಲು. ಇಟ್ಟಿದ್ದು ಅಪ್ಪ ಅಲ್ಲ, ಕಾನೂನು ಅಂತ ನಾನು ಹೇಳಲಿಲ್ಲ. ನಾಲ್ಕನೇ ಸಲಕ್ಕೆ ಬೆರಳು ಹತ್ತಿತು. ಸರಿಯಾದ್ದನ್ನೇ ಮಾಡಿದೆವಾ ಅಂತ ಈಗಲೂ ಅನ್ನಿಸುತ್ತೆ. ಬೇಕಾ ಅಂತ ಅವಳನ್ನ ಯಾರೂ ಕೇಳಿರಲಿಲ್ಲ.

ಕಳೆದ ಭಾನುವಾರ ನಾನು ಉಯಿಲು ಬರೆದೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯ ಅಲ್ಲ (ಮಾಡಿಸಿದರೆ ಒಳ್ಳೇದು). ಬಿಳಿ ಹಾಳೆ, ನನ್ನ ಸಹಿ, ಅದನ್ನ ನೋಡಿದ ಇಬ್ಬರು ಸಾಕ್ಷಿಗಳ ಸಹಿ. ಹೆಂಡತಿ "ಬಿಡ್ತು ಅನ್ನಿ" ಅಂತ ಎದ್ದು ಒಳಗೆ ಹೋದಳು. ಒಳಗೇನು ಬರೆದಿದೆ ಅಂತ ಸಾಕ್ಷಿಗಳು ಓದಬೇಕಾಗಿಲ್ಲ, ಆದರೂ ಪಕ್ಕದ ಮನೆಯವರು ಇಣುಕಿದ್ದೇ ಇಣುಕಿದ್ದು :-)

ಫ್ಲಾಟು ಹೆಂಡತಿಗೆ. ಅದರ ಕೆಳಗೆ ಅಮ್ಮನಿಗೆ ಅಂತ ಹೆಸರು ಹಾಕಿ ಒಂದು ಸಣ್ಣ ಡೆಪಾಸಿಟ್ಟು ಬರೆದಿದ್ದೀನಿ. ಅವಳಿಗೆ ಇನ್ನೂ ಹೇಳಿಲ್ಲ. ಈ ವಾರ ಊರಿಗೆ ಹೋದಾಗ ಹೇಳಬೇಕು.