ವಿಧಿಯೊಡನೆ ವ್ಯಾಜ್ಯ ಹೂಡಿದ ದೊರೆಗಳು

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲನ್ನು ನಮ್ಮ ಸೀಮೆಯ ಜನರು ಅದರ ಕೋಟೆಗಾಗಿ, ಕಂದಕಕ್ಕಾಗಿ ಮತ್ತು ಮೊಹರಂ ಆಚರಣೆಗಾಗಿ ಬಲ್ಲರು. ಆ ಊರಿನ ಅಕ್ಕಸಾಲಿಗನೊಬ್ಬನ ಮಗಳ ನಿಮಿತ್ತವಾಗಿ ಎರಡು ದೊಡ್ಡ ರಾಜ್ಯಗಳು ಯುದ್ಧ ಮಾಡಿದ ವೃತ್ತಾಂತವನ್ನು ಬಲ್ಲವರು ವಿರಳ. ಕ್ರಿ.ಶ. ೧೪೦೬ರ ಸುಮಾರಿನ ಈ ಪ್ರಸಂಗವನ್ನು ವಿವರವಾಗಿ ಬರೆದಿಟ್ಟವನು ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದ ಪಾರಸಿ ಇತಿಹಾಸಕಾರ ಫೆರಿಷ್ತಾ. ಘಟನೆ ನಡೆದು ಇನ್ನೂರು ವರ್ಷಗಳಾದ ಮೇಲೆ ಬರೆದವನಾದುದರಿಂದ ಅವನ ಲೆಕ್ಕಗಳನ್ನೆಲ್ಲ ಇತಿಹಾಸಜ್ಞರು ಹಾಗೆಯೇ ಒಪ್ಪುವುದಿಲ್ಲ. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ದೋಆಬ ಪ್ರದೇಶ, ಅದರ ರಾಯಚೂರು-ಮುದಗಲ್ ಕೋಟೆಗಳು ವಿಜಯನಗರಕ್ಕೂ ಬಹಮನಿಗಳಿಗೂ ಬಹುಕಾಲದ ವ್ಯಾಜ್ಯದ ಸ್ವತ್ತಾಗಿದ್ದವು. ಹುಡುಗಿಯಿಲ್ಲದಿದ್ದರೂ ಯುದ್ಧ ನಡೆಯುತ್ತಿತ್ತೆಂಬುದು ನನ್ನ ಅಭಿಪ್ರಾಯ. ಆದರೂ ಫೆರಿಷ್ತಾ ಹೇಳುವ ಕಥೆಯಲ್ಲಿ ನಮ್ಮ ಕರ್ಮಗ್ರಂಥಗಳನ್ನು ಓದಿದವನಿಗೆ ಚಿಂತನೆಗೆ ಬೇಕಾದಷ್ಟು ಸಾಮಗ್ರಿ ಇದೆ, ನಗುವುದಕ್ಕೂ ಇದೆ.

ಕಾಶಿಯಾತ್ರೆಯಿಂದ ಮರಳುತ್ತಿದ್ದ ವೃದ್ಧ ಬ್ರಾಹ್ಮಣನೊಬ್ಬನು ಆ ಮನೆಯಲ್ಲಿ ತಂಗಿ, ಬಾಲಿಕೆಯ ರೂಪಕ್ಕೂ ಬುದ್ಧಿಗೂ ಮೆಚ್ಚಿ ಅವಳಿಗೆ ಸಂಗೀತ ಕಲಿಸಿದನು. ಅನಂತರ ವಿಜಯನಗರಕ್ಕೆ ಹೋಗಿ ಒಂದನೆಯ ದೇವರಾಯನ ಮುಂದೆ ಅವಳ ವರ್ಣನೆ ಮಾಡಿದನು. ಅರಸನು ಕಾಣದ ಹೆಣ್ಣಿಗೆ ಮನಸೋತು, ಉಡುಗೊರೆಗಳೊಂದಿಗೆ ರತ್ನಖಚಿತವಾದ ಒಂದು ಹಾರವನ್ನು ಅವನ ಕೈಯಲ್ಲಿ ಕಳುಹಿಸಿದನು. ಅದನ್ನು ಕೊರಳಿಗೆ ಹಾಕಿಕೊಂಡರೆ ಸಂಬಂಧ ನಿಶ್ಚಯವಾದಂತೆ. ತಂದೆತಾಯಿಗಳಿಗೆ ಹರ್ಷವೋ ಹರ್ಷ. ಹುಡುಗಿ ಮಾತ್ರ ಒಲ್ಲೆನೆಂದಳು. ಅರಮನೆಯ ಅಂತಃಪುರವನ್ನು ಹೊಕ್ಕವರು ಮರಳಿ ತಂದೆತಾಯಿಗಳ ಮುಖ ನೋಡುವುದಿಲ್ಲ, ಆ ಬೆಲೆಗೆ ಈ ಹಾರ ನನಗೆ ಬೇಡ ಎಂಬುದು ಅವಳ ವಾದ. ಇಷ್ಟು ಸ್ಪಷ್ಟವಾಗಿ ಲಾಭನಷ್ಟ ತೂಗಿದವರು ಈ ಇಡೀ ಕಥೆಯಲ್ಲಿ ಇನ್ನೊಬ್ಬರಿಲ್ಲ. ತನಗೆ ಬೇರೊಂದು ಯೋಗವಿದೆಯೆಂದು ಅವಳಿಗೆ ಮೊದಲೇ ಹೊಳೆದಿತ್ತೆಂದೂ ಫೆರಿಷ್ತಾ ಸೇರಿಸುತ್ತಾನೆ. ಇಂಥ ಭವಿಷ್ಯವಾಣಿಗಳು ಸಾಮಾನ್ಯವಾಗಿ ಫಲ ಬಂದ ಮೇಲೆ ಹುಟ್ಟುತ್ತವೆ.

ಹಾರ ಹಿಂದಕ್ಕೆ ಬಂದಿತು. ಸಾಮ್ರಾಜ್ಯಾಧಿಪತಿಯಾದ ತನಗೆ ಅಕ್ಕಸಾಲಿಗನ ಮಗಳು ಇಲ್ಲವೆನ್ನುವುದೇ? ಅರಸನು ತುಂಗಭದ್ರೆಯ ದಡದವರೆಗೆ ದಂಡೆತ್ತಿ ಬಂದು, ಐದು ಸಾವಿರ ಕುದುರೆ ಸವಾರರನ್ನು ಹುಡುಗಿಯನ್ನು ಹಿಡಿದು ತರಲು ಮುದಗಲ್ಲಿಗೆ ಅಟ್ಟಿದನು. ಇಷ್ಟು ದೊಡ್ಡ ಸಿದ್ಧತೆಯಲ್ಲಿ ಒಂದು ಸಣ್ಣ ಕೆಲಸ ಮರೆತುಹೋಯಿತು. ಸೈನ್ಯ ಬರುವ ಕಾರಣವನ್ನು ಆ ಮನೆಯವರಿಗೆ ಮುಂದಾಗಿ ತಿಳಿಸುವವರಿರಲಿಲ್ಲ. ಧೂಳೆದ್ದುದನ್ನು ಕಂಡು ಊರಿಗೆ ಊರೇ ಓಡಿಹೋಯಿತು. ಅವರೊಂದಿಗೆ ಅಕ್ಕಸಾಲಿಗನ ಸಂಸಾರವೂ ಓಡಿತು. ಯಾರಿಗಾಗಿ ಐದು ಸಾವಿರ ಕುದುರೆಗಳು ಬಂದಿದ್ದವೋ ಅವಳನ್ನು ಆ ಕುದುರೆಗಳ ಸಪ್ಪಳವೇ ದೂರ ಓಡಿಸಿತು. ಬರಿಗೈಯಲ್ಲಿ ಮರಳಲಾರದೆ ಸವಾರರು ದಾರಿಯ ಹಳ್ಳಿಗಳನ್ನು ಸುಲಿದರು. ಆ ಹಳ್ಳಿಗರ ಹೆಸರುಗಳು ಯಾವ ಇತಿಹಾಸದಲ್ಲಿಯೂ ಇಲ್ಲ.

ಈ ಕಾರಣದಿಂದ ಬಹಮನಿ ಸುಲ್ತಾನ ಫಿರೋಜಶಾಹನು ವಿಜಯನಗರದ ಬಾಗಿಲಿಗೆ ಬಂದನು. ದೇವರಾಯನು ಸೋತು ಸಂಧಿ ಮಾಡಿಕೊಳ್ಳಬೇಕಾಯಿತು. ಫೆರಿಷ್ತಾ ಕೊಡುವ ಪಟ್ಟಿಯಲ್ಲಿ ಹತ್ತು ಲಕ್ಷ ಹೊನ್ನು, ಮುತ್ತುಗಳು, ಐವತ್ತು ಆನೆಗಳು ಇವೆ. ಬಂಕಾಪುರದ ಕೋಟೆ ಇದೆ. ಎಲ್ಲಕ್ಕೂ ಮಿಗಿಲಾಗಿ ಅರಸನ ಸ್ವಂತ ಮಗಳು ಇದ್ದಾಳೆ. ಪರರ ಮಗಳನ್ನು ಬಲವಂತದಿಂದ ತರಹೋದವನು ತನ್ನ ಮಗಳನ್ನು ಬಲವಂತಕ್ಕೆ ಒಪ್ಪಿಸಿದನು. ವಿವಾಹ ವೈಭವದಿಂದ ನಡೆಯಿತು. ನಗರದ್ವಾರದಿಂದ ಮೈಲಿಗಟ್ಟಲೆ ದಾರಿಗೆ ಜರತಾರಿ, ಮಖಮಲ್ಲು ಹಾಸಿದ್ದರಂತೆ. ಬೀಳ್ಕೊಡುವಾಗ ದೇವರಾಯನು ಅಳಿಯನೊಂದಿಗೆ ಕೆಲವು ಮೈಲಿಗಳಷ್ಟೇ ಬಂದು ಹಿಂದಿರುಗಿದನು. ತನ್ನ ಪಾಳೆಯದವರೆಗೆ ಬರಲಿಲ್ಲವೆಂದು ಫಿರೋಜನು ಕೆರಳಿ, ಈ ಅವಮಾನವನ್ನು ಮರೆಯುವುದಿಲ್ಲವೆಂದನು. ಹೆಣ್ಣು ಬಂದಿತ್ತು, ಹೊನ್ನು ಬಂದಿತ್ತು, ಕೋಟೆ ಬಂದಿತ್ತು. ಬಾರದಿದ್ದುದು ಎರಡು ಮೂರು ಮೈಲಿಗಳ ಮರ್ಯಾದೆ! ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಮಾನಕಷಾಯದ ನಾಲ್ಕು ತರಗಳನ್ನು ಕಲ್ಲು, ಎಲುಬು, ಮರ, ಬೆತ್ತಗಳಿಗೆ ಹೋಲಿಸಿದ್ದಾರೆ. ಬೆತ್ತ ಬಾಗುತ್ತದೆ, ಮರ ಕಷ್ಟದಿಂದ ಬಾಗುತ್ತದೆ, ಕಲ್ಲು ಬಾಗುವುದೇ ಇಲ್ಲ. ಆ ದಿನ ಆ ದಾರಿಯಲ್ಲಿ ಎರಡು ಕಲ್ಲಿನ ಕಂಬಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು.

ಮುದಗಲ್ಲಿನ ಹುಡುಗಿಯನ್ನು ಸುಲ್ತಾನನು ಕರೆಸಿ, ತನಗೆ ವಯಸ್ಸಾಯಿತೆಂದು ಹೇಳಿ ತನ್ನ ಮಗ ಹಸನ್‌ಖಾನನಿಗೆ ಮದುವೆ ಮಾಡಿಸಿದನು. ಜನರು ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಆದರೆ ವಿಧಿಯೊಡನೆ ನಿಜವಾದ ವ್ಯಾಜ್ಯ ಇನ್ನು ಮುಂದೆ ಇದೆ.

ಫಿರೋಜಶಾಹನು ಸಾಮಾನ್ಯನಲ್ಲ. ಬಹುಭಾಷಾವಿದ, ವಿದ್ವಾಂಸರ ಆಶ್ರಯದಾತ, ಭೀಮಾತೀರದಲ್ಲಿ ಫಿರೋಜಾಬಾದವನ್ನು ಕಟ್ಟಿದವನು. ದೌಲತಾಬಾದಿನ ಬಳಿ ನಕ್ಷತ್ರವೀಕ್ಷಣೆಗೆ ಒಂದು ವೇಧಶಾಲೆಯನ್ನು ಕಟ್ಟಲು ೧೪೦೭ರಲ್ಲಿ ಆರಂಭಿಸಿದನು; ಅದರ ಮುಖ್ಯ ವಿದ್ವಾಂಸನು ತೀರಿಕೊಂಡುದರಿಂದ ಕೆಲಸ ಅರ್ಧಕ್ಕೆ ನಿಂತಿತು. ಅಂಥ ಬುದ್ಧಿವಂತನಿಗೆ ಒಂದೇ ಹಂಬಲ, ತನ್ನ ನಂತರ ಹಸನ್‌ಖಾನನೇ ಸಿಂಹಾಸನವೇರಬೇಕು. ಮಗನೋ ಭೋಗಪ್ರಿಯ. ಸಮರ್ಥನಾಗಿದ್ದವನು ಸುಲ್ತಾನನ ತಮ್ಮ ಅಹಮದ್‌ಖಾನ. ಸುಲ್ತಾನನು ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇನವಾಜರಲ್ಲಿ ಮಗನನ್ನು ಹರಸಬೇಕೆಂದು ಕೇಳಿದನು. ದೈವಸಂಕಲ್ಪ ತಮ್ಮನ ಕಡೆಗಿದೆ, ಹರಸಿ ಪ್ರಯೋಜನವಿಲ್ಲವೆಂದು ಸಂತರು ಹೇಳಿದರು. ಸಂತರನ್ನು ನಗರದಿಂದ ದೂರ ಹೋಗಿರೆಂದು ಆಜ್ಞೆಯಾಯಿತು. ತಕ್ಕಡಿ ಮೆಚ್ಚುಗೆಯ ತೂಕ ತೋರಿಸಲಿಲ್ಲವೆಂದು ತಕ್ಕಡಿಯನ್ನೇ ಅಂಗಡಿಯಿಂದ ಹೊರಗೆ ಎಸೆಯುವ ವ್ಯಾಪಾರಿಗಳನ್ನು ನಾನೂ ಕಂಡಿದ್ದೇನೆ.

ಮುಂದೆ ಪಾನಗಲ್ಲಿನ ಕೋಟೆಗೆ ಎರಡು ವರ್ಷ ಮುತ್ತಿಗೆ ಹಾಕಿ, ರೋಗದಿಂದ ಸೈನ್ಯ ನಶಿಸಿ, ಅದೇ ದೇವರಾಯನ ಕೈಯಲ್ಲಿ ಫಿರೋಜನು ಸೋತನು. ಕಾಯಿಲೆ ಬಿದ್ದನು. ಆಗ ಅವನಿಗೆ ಹೊಳೆದ ಉಪಾಯ ತಮ್ಮನ ಕಣ್ಣು ಕೀಳಿಸುವುದು. ಸುದ್ದಿ ತಿಳಿದ ಅಹಮದನು ರಾತ್ರೋರಾತ್ರಿ ಕೆಲವು ನೂರು ಸವಾರರೊಂದಿಗೆ ಹೊರಟನು. ಅವನ ಜತೆಗೆ ನಿಂತವನು ಖಲಫ್ ಹಸನನೆಂಬ ಪರದೇಶದ ವರ್ತಕ. ನೀನು ವ್ಯಾಪಾರಿ, ಮನೆಗೆ ಹೋಗೆಂದರೂ ಆತ ಬಿಡಲಿಲ್ಲ. ಕಲ್ಯಾಣದ ಬಳಿ ಬಂಜಾರರ ಎರಡು ಸಾವಿರ ಎತ್ತುಗಳೂ ಕುದುರೆ ವ್ಯಾಪಾರಿಗಳ ಕೆಲವು ನೂರು ಕುದುರೆಗಳೂ ತಂಗಿದ್ದವು. ವರ್ತಕನು ಅವನ್ನು ಪಡೆದು, ಎತ್ತುಗಳ ಮೇಲೆ ಮನುಷ್ಯರನ್ನು ಕೂರಿಸಿ, ಕೈಗೆ ಬಾವುಟ ಕೊಟ್ಟು ದೂರದಲ್ಲಿ ಸಾಲಾಗಿ ನಿಲ್ಲಿಸಿದನು. ಸುಲ್ತಾನನ ಸೇನೆ ಹೊಸ ದಂಡು ಬಂದಿತೆಂದು ನಂಬಿ ಕೆಟ್ಟಿತು. ಐದು ಸಾವಿರ ಕುದುರೆಗಳು ಒಬ್ಬ ಹುಡುಗಿಯನ್ನು ಹಿಡಿಯಲಾರದೆ ಹೋದ ನಾಡಿನಲ್ಲಿ ಜೋಳ ಹೊರುವ ಎತ್ತುಗಳು ಒಬ್ಬ ಸುಲ್ತಾನನನ್ನು ಸಿಂಹಾಸನದಿಂದ ಇಳಿಸಿದವು. ಪಲ್ಲಕ್ಕಿಯಲ್ಲಿ ಬಂದ ಫಿರೋಜನು ಮೂರ್ಛೆ ಹೋದನು; ಸತ್ತನೆಂಬ ವದಂತಿಗೆ ಸೈನ್ಯ ಚದುರಿತು. ೧೪೨೨ರಲ್ಲಿ ಅವನೇ ತಮ್ಮನಿಗೆ ಪಟ್ಟ ಬಿಟ್ಟುಕೊಟ್ಟು, ಕೆಲವೇ ದಿನಗಳಲ್ಲಿ ತೀರಿಕೊಂಡನು. ಖಲಫ್ ಹಸನನಿಗೆ ವರ್ತಕರ ಒಡೆಯನೆಂಬ ಅರ್ಥದ ಬಿರುದು ಸಿಕ್ಕಿತು. ನಮ್ಮ ವೃತ್ತಿಗೆ ಇತಿಹಾಸದಲ್ಲಿ ಇಷ್ಟಾದರೂ ಸ್ಥಾನವಿದೆ.

ಹಸನ್‌ಖಾನನು ಫಿರೋಜಾಬಾದಿನ ಅರಮನೆಯಲ್ಲಿ ಬೇಟೆಯಾಡುತ್ತ ಸುಖವಾಗಿದ್ದನಂತೆ. ತಂದೆ ಕೊಡಲು ಹೆಣಗಿದ ಸಿಂಹಾಸನ ಅವನಿಗೆ ಬೇಕಾಗಿರಲಿಲ್ಲ! ಚಿಕ್ಕಪ್ಪನ ಕಾಲ ಮುಗಿದ ಮೇಲೆ ಅವನ ಕಣ್ಣು ಕೀಳಿಸಲಾಯಿತೆಂದು ಫೆರಿಷ್ತಾ ಬರೆಯುತ್ತಾನೆ. ಇದನ್ನು ಓದಿ, ತಂದೆಯ ಪಾಪ ಮಗನಿಗೆ ತಟ್ಟಿತೆಂದು ಹೇಳುವವರುಂಟು. ಶ್ರಾವಕನು ಹಾಗೆ ಹೇಳಲಾಗದು. ನಮ್ಮ ಸಿದ್ಧಾಂತದಲ್ಲಿ ಕರ್ಮದ ಖಾತೆ ಅವರವರದು; ತಂದೆಯ ಬಾಕಿ ಮಗನ ಹೆಸರಿಗೆ ವರ್ಗವಾಗುವುದಿಲ್ಲ. ಕಣ್ಣು ಕೀಳಿಸಬೇಕೆಂದು ಫಿರೋಜನು ಸಂಕಲ್ಪಿಸಿದ ಕ್ಷಣದಲ್ಲಿಯೇ ಅವನ ಬಂಧ ಆಯಿತು, ತಮ್ಮನು ತಪ್ಪಿಸಿಕೊಂಡುದರಿಂದ ಅದು ರದ್ದಾಗಲಿಲ್ಲ. ಜನ್ನನ ಯಶೋಧರ ಚರಿತೆಯ ಹಿಟ್ಟಿನ ಕೋಳಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂದೆಯಿಂದ ಮಗನಿಗೆ ಹೋಗುವುದು ಕರ್ಮವಲ್ಲ, ಕೆಟ್ಟ ಏರ್ಪಾಡು. ಅಧಿಕಾರಕ್ಕಾಗಿ ಕಣ್ಣು ಕೀಳಬಹುದೆಂಬ ಪದ್ಧತಿಗೆ ತಂದೆ ಮುದ್ರೆ ಒತ್ತಿದ್ದನು, ಮಗನ ಕಾಲಕ್ಕೆ ಆ ಪದ್ಧತಿ ಹಾಗೆಯೇ ಉಳಿದಿತ್ತು.

ಹಾಗಾದರೆ ವಿಧಿಯೆಂಬುದು ಇದೆಯೋ ಇಲ್ಲವೋ? ಉಪಾಸಕದಶಾಂಗದಲ್ಲಿ ಸದ್ದಾಲಪುತ್ರನೆಂಬ ಕುಂಬಾರನ ಕಥೆ ಬರುತ್ತದೆ. ಐನೂರು ಮಡಕೆಯಂಗಡಿಗಳ ಧಣಿ, ಮಂಖಲಿ ಗೋಶಾಲನ ಆಜೀವಕ ಮತದವನು. ಎಲ್ಲವೂ ನಿಯತಿ, ಪುರುಷಪ್ರಯತ್ನವೆಂಬುದಿಲ್ಲ ಎಂಬುದು ಆ ಮತ. ಈ ಮಡಕೆಗಳು ಪ್ರಯತ್ನದಿಂದ ಆದುವೋ ಹಾಗೆಯೇ ಆದುವೋ ಎಂದು ಭಗವಾನ್ ಮಹಾವೀರರು ಕೇಳಿದರು. ನಿಯತಿಯಿಂದ ಆದುವೆಂದನು. ಯಾರಾದರೂ ಬಂದು ಇವನ್ನು ಒಡೆದರೆ ಏನು ಮಾಡುವೆ? ಹೊಡೆಯುತ್ತೇನೆ, ಕಟ್ಟಿಹಾಕುತ್ತೇನೆ ಎಂದನು. ಎಲ್ಲವೂ ನಿಯತಿಯಾದರೆ ಒಡೆದವನ ಮೇಲೆ ಕೋಪವೇಕೆ? ಸದ್ದಾಲಪುತ್ರನು ಅಲ್ಲಿಯೇ ಶ್ರಾವಕನಾದನು. ಸ್ವಂತ ಸರಕು ಒಡೆಯುವವರೆಗೆ ಮಾತ್ರ ನಿಯತಿವಾದ ನಡೆಯುತ್ತದೆಂಬುದನ್ನು ನಾಲ್ಕು ದಶಕ ಅಂಗಡಿಯಲ್ಲಿ ಕುಳಿತು ನಾನೂ ನೋಡಿದ್ದೇನೆ.

ಸಿಂಧನೂರಿನಿಂದ ಲಿಂಗಸುಗೂರಿನ ದಾರಿಯಲ್ಲಿರುವ ಮಸ್ಕಿಯ ಬಂಡೆಯ ಮೇಲೂ ಈ ಚರ್ಚೆಯ ಒಂದು ತುಣುಕಿದೆ. ೧೯೧೫ರಲ್ಲಿ ಚಿನ್ನದ ಶೋಧದಲ್ಲಿದ್ದ ಬೀಡನ್ ಎಂಬ ಇಂಜಿನಿಯರು ಕಂಡುಹಿಡಿದ ಆ ಶಾಸನದಿಂದ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ಖಚಿತವಾಯಿತು. ಈ ಸಿದ್ಧಿ ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದ ಅಲ್ಪನೂ ಪಡೆಯಬಹುದು ಎಂಬುದು ಅದರ ಅಭಿಪ್ರಾಯ. ಹೀಗೆ ಬರೆಯಿಸಿದ ಅರಸನೇ ಬರಾಬರ್ ಬೆಟ್ಟದ ಗುಹೆಗಳನ್ನು ನಿಯತಿವಾದಿಗಳಾದ ಆಜೀವಕರಿಗೆ ದಾನ ಮಾಡಿದ್ದನು. ಭಿನ್ನಮತದವರನ್ನು ಊರಿನಿಂದ ದೂರ ಕಳುಹಿಸುವುದಕ್ಕಿಂತ ಇದು ಉತ್ತಮವಾದ ಪದ್ಧತಿ.

ನಮ್ಮ ಪುರಾಣಗಳಲ್ಲಿಯೂ ವಿಧಿಯನ್ನು ತಪ್ಪಿಸಹೊರಟ ಅರಸನಿದ್ದಾನೆ, ಮಗಧದ ಶ್ರೇಣಿಕ. ತನಗೆ ನರಕಾಯು ಬಂಧವಾಗಿದೆಯೆಂದು ತಿಳಿದು, ತಪ್ಪಿಸುವ ಬಗೆಯನ್ನು ಅವನು ಕೇಳಿದನೆಂದು ಶ್ವೇತಾಂಬರ ಪರಂಪರೆ ಹೇಳುತ್ತದೆ. ದಾಸಿ ಕಪಿಲೆ ಶ್ರದ್ಧೆಯಿಂದ ಮುನಿಗಳಿಗೆ ದಾನ ಮಾಡಿದರೆ, ಕಟುಕ ಕಾಲಸೌಕರಿಕನು ಒಂದು ದಿನ ಕೋಣಗಳನ್ನು ಕೊಲ್ಲದಿದ್ದರೆ ಆಗಬಹುದೆಂಬ ಉತ್ತರ ಬಂದಿತು. ಕಪಿಲೆ ಒಪ್ಪಲಿಲ್ಲ. ಕಟುಕನನ್ನು ಬಾವಿಗಿಳಿಸಿದರೆ ಅವನು ಅಲ್ಲಿಯ ಕೆಸರಿನಲ್ಲಿ ಕೋಣಗಳನ್ನು ಮಾಡಿ ಕೊಂದನು. ಪರರ ಮನಸ್ಸಿನ ಮೇಲೆ ರಾಜಾಜ್ಞೆ ನಡೆಯುವುದಿಲ್ಲವೆಂಬುದನ್ನು ಮುದಗಲ್ಲಿನ ಹುಡುಗಿಗಿಂತ ಬಹು ಹಿಂದೆಯೇ ಒಬ್ಬ ದಾಸಿ ತೋರಿಸಿದ್ದಳು. ಶ್ರೇಣಿಕನು ಅವಳ ಮೇಲೆ ದಂಡೆತ್ತಲಿಲ್ಲ. ದಿಗಂಬರ ಪರಂಪರೆಯಂತೆ, ಯಶೋಧರ ಮುನಿಯ ಕೊರಳಿಗೆ ಸತ್ತ ಹಾವನ್ನು ಹಾಕಿ ಅವನು ಕಟ್ಟಿಕೊಂಡದ್ದು ಏಳನೆಯ ನರಕದ ಮೂವತ್ತಮೂರು ಸಾಗರೋಪಮದ ಆಯುಷ್ಯ. ಸಮ್ಯಕ್ತ್ವದಿಂದ ಅದು ಮೊದಲ ನರಕದ ೮೪,೦೦೦ ವರ್ಷಗಳಿಗೆ ಇಳಿಯಿತು. ಸಾಲ ಮನ್ನಾ ಆಗಲಿಲ್ಲ, ಬಹುಪಾಲು ತೀರಿತು. ಆ ಶ್ರೇಣಿಕನೇ ಮುಂದಿನ ಉತ್ಸರ್ಪಿಣಿಯ ಪ್ರಥಮ ತೀರ್ಥಂಕರನಾಗುವನು. ದೇವರಾಯ, ಫಿರೋಜರಿಬ್ಬರೂ ಮಾಡಿದ್ದು ಬೇರೆ ಬಗೆಯ ವ್ಯವಹಾರ. ಉದಯಕ್ಕೆ ಬಂದ ಹಳೆಯ ಹುಂಡಿಯನ್ನು ತಡೆಯಲು ಅದಕ್ಕಿಂತ ಹೆಚ್ಚಿನ ಬಡ್ಡಿಗೆ ಹೊಸ ಹುಂಡಿ ಬರೆದುಕೊಟ್ಟರು.

ಇದನ್ನು ಈಗ ಬರೆಯಲು ಕಾರಣವಿದೆ. ನಾನು ಸದಸ್ಯನಾಗಿರುವ ಒಂದು ಮಂದಿರದ ವಿಶ್ವಸ್ತ ಮಂಡಳಿಯಲ್ಲಿ, ವಿಶ್ವಸ್ತರ ನಿಧನಾನಂತರ ಆ ಸ್ಥಾನ ಅವರ ಜ್ಯೇಷ್ಠ ಪುತ್ರನಿಗೆ ಹೋಗಬೇಕೆಂಬ ತಿದ್ದುಪಡಿಯನ್ನು ಹಿರಿಯರೊಬ್ಬರು ಸೂಚಿಸಿದ್ದಾರೆ. ಅವರು ಮಂದಿರಕ್ಕಾಗಿ ದುಡಿದವರು, ಅದರಲ್ಲಿ ಎರಡು ಮಾತಿಲ್ಲ. ಪೀಠವು ಮನೆತನದಲ್ಲಿಯೇ ಉಳಿಯುವ ಯೋಗವಿದೆಯೆಂದು ಜ್ಯೋತಿಷಿ ಹೇಳಿದ್ದಾರಂತೆ. ಯೋಗವಿದ್ದ ಮೇಲೆ ತಿದ್ದುಪಡಿ ಏತಕ್ಕೆ ಎಂದು ಸಭೆಯಲ್ಲಿ ಒಬ್ಬರು ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ಆ ತರುಣನು ದೂರದ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಮಂದಿರದ ಲೆಕ್ಕ ಪುಸ್ತಕವನ್ನು ಒಮ್ಮೆಯೂ ತೆರೆದು ನೋಡಿದವನಲ್ಲ. ಅದಕ್ಕಾಗಿ ಅವನನ್ನು ದೂರುವಂತಿಲ್ಲ, ಅವನು ಈ ಸ್ಥಾನವನ್ನು ಬೇಡಿದವನೂ ಅಲ್ಲ. ನಾನು ದೂರವಾಣಿಯಲ್ಲಿ ಕೇಳಿದಾಗ, ಅಪ್ಪನವರು ಸಂತೋಷಪಟ್ಟರೆ ಸಾಕು ಎಂದನು. ಲೆಕ್ಕಪತ್ರಗಳನ್ನು ಎಂಟು ವರ್ಷಗಳಿಂದ ಬರೆಯುತ್ತಿರುವವನು ವಿಶ್ವಸ್ತರ ಯಾವ ಮನೆತನಕ್ಕೂ ಸೇರದ ಒಬ್ಬ ಕಿರಾಣಿ ವ್ಯಾಪಾರಿ. ಅವನ ಹೆಸರನ್ನು ಇದುವರೆಗೆ ಯಾರೂ ಸೂಚಿಸಿಲ್ಲ.

ನಮ್ಮ ಮನೆಯಲ್ಲಿಯೂ ಈ ಮಾತು ಬಂದಿದೆ. ತಿದ್ದುಪಡಿ ಅಂಗೀಕಾರವಾದರೆ ನನ್ನ ನಂತರ ನನ್ನ ಮಗನಿಗೂ ಸ್ಥಾನ ದೊರೆಯುತ್ತದೆ, ಸುಮ್ಮನಿರಬಾರದೇ ಎಂದು ಹತ್ತಿರದವರು ಹೇಳುತ್ತಾರೆ. ಪರ್ಯೂಷಣದ ನಂತರ ಸಭೆ ಸೇರಲಿದೆ. ತಿದ್ದುಪಡಿಗೆ ವಿರೋಧವಾಗಿ ಮತ ಕೊಡುವೆನೆಂದು ಕಾರ್ಯದರ್ಶಿಗಳಿಗೆ ಲಿಖಿತವಾಗಿ ತಿಳಿಸಿದ್ದೇನೆ. ಕಿರಾಣಿ ವ್ಯಾಪಾರಿಯ ಹೆಸರನ್ನು ಅದೇ ಪತ್ರದಲ್ಲಿ ಸೂಚಿಸಿದ್ದೇನೆ. ಅನುಮೋದಕರು ಒಬ್ಬರು ಬೇಕಾಗಿದ್ದಾರೆ.