ಕಟ್ಟಡದ ಜಾತಕ

ಶ್ರೀಗಂಧದ ಕಾವಲಿನಲ್ಲಿ ಮನೆ ಕಟ್ಟಿಸಿದ್ದೇನೆ ಎಂದರೆ ಊರಿನ ಬಂಧುಗಳು ಗಂಧದ ಮರದ ನೆರಳಿನಲ್ಲಿ ಒರಗಿ ಕುಳಿತ ನನ್ನನ್ನು ಕಲ್ಪಿಸಿಕೊಂಡು ಕರುಬುತ್ತಾರೆ. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ಬಂದು ನೋಡಿದವರಿಗಷ್ಟೇ ಸತ್ಯಸಂಗತಿ ತಿಳಿಯುತ್ತದೆ. ಕಾವಲೆಂದರೆ ಹಿಂದಿನ ಕಾಲದಲ್ಲಿ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲು. ಈಗ ನಮ್ಮ ಬೀದಿಯಲ್ಲಿ ಗಂಧವೂ ಇಲ್ಲ, ಹುಲ್ಲೂ ಇಲ್ಲ. ಜಲ್ಲಿಯ ರಾಶಿ, ಮರಳಿನ ರಾಶಿ, ಅವುಗಳ ನಡುವೆ ದಾರಿ ಹುಡುಕುವ ನಾವು.

ಕನ್ನಡ ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಕಟ್ಟಡವಿದ್ಯೆಯ ಪರಿಚಯ ಬೇಲೂರಿನ ಗುಡಿಯನ್ನು ಕಂಡು ಬೆರಗಾದಷ್ಟು ಮಾತ್ರ. ಆದುದರಿಂದ ಮನೆಯ ನಕ್ಷೆಗಳು ಕೈಗೆ ಬಂದಾಗ ಅವುಗಳನ್ನು ತಾಮ್ರಶಾಸನಗಳಂತೆ ಭಕ್ತಿಯಿಂದ ಪೆಟ್ಟಿಗೆಯಲ್ಲಿಟ್ಟೆ. ಒಂದರಲ್ಲಿ ಕಂಬ ಮತ್ತು ತೊಲೆಗಳು, ಇನ್ನೊಂದರಲ್ಲಿ ನೀರಿನ ಕೊಳವೆಗಳು. ತಳಪಾಯದ ಮೇಲಿನ ತೊಲೆಯನ್ನು ಎರಕ ಹೊಯ್ದಾದ ಮೇಲೆ ಬಚ್ಚಲಿನ ಕೊಳವೆ ಅದೇ ತೊಲೆಯ ಹೊಟ್ಟೆಯ ಮೂಲಕ ಹಾದುಹೋಗಬೇಕೆಂಬುದು ಬೆಳಕಿಗೆ ಬಂತು. ಕೊಳಾಯಿ ಕೆಲಸದವನು ಉಳಿ ಎತ್ತಿಕೊಂಡ. ನಮ್ಮ ವೃದ್ಧ ಮೇಸ್ತ್ರಿಗಳು ಅವನ ಕೈ ಹಿಡಿದು ತಡೆದರು.

"ಮೇಷ್ಟ್ರೇ, ಎರಡು ಕಾಗದವೂ ಸರಿಯಾಗಿಯೇ ಇವೆ. ಆದರೆ ಒಂದರ ಮುಖ ಇನ್ನೊಂದು ನೋಡಿಲ್ಲ" ಎಂದರು.

ತೊಲೆ ಉಳಿಯಿತು, ಕೊಳವೆ ಅದರ ಮೇಲೆ ಹಾಯಿತು, ಬಚ್ಚಲಿನ ನೆಲ ಆರು ಅಂಗುಲ ಮೇಲೇರಿತು. ಗೃಹಪ್ರವೇಶವಾದ ಎರಡನೆಯ ತಿಂಗಳಲ್ಲಿ ನನ್ನ ತಾಯಿ ಆ ಮೆಟ್ಟಿಲನ್ನು ಎಡವಿ ಬಿದ್ದು ಮುಂಗೈ ಮುರಿದುಕೊಂಡರು. ಕಾಗದದ ಮೇಲಿನ ಎರಡು ಗೆರೆಗಳ ಜಗಳ ಕೊನೆಗೆ ಯಾರ ಮೈಮೇಲೆ ಬೀಳುತ್ತದೆ ಎಂಬುದನ್ನು ಅಂದು ಅರಿತೆ.

ಅಕ್ಕನ ಮಗ ಸಿವಿಲ್ ಡಿಪ್ಲೊಮಾ ಮುಗಿಸಿ ನಮ್ಮಲ್ಲಿಯೇ ಇದ್ದಾನೆ. ಕಂಪ್ಯೂಟರಿನಲ್ಲಿ ಇಡೀ ಕಟ್ಟಡದ ಪ್ರತಿರೂಪವನ್ನು ನಿರ್ಮಿಸುವ 'ಬಿಮ್' ಎಂಬ ವಿದ್ಯೆಯನ್ನು ಕಲಿಯಲು ಸಂಜೆಯ ತರಗತಿಗೆ ಸೇರಿದ. ಶುಲ್ಕಕ್ಕಾಗಿ ಅಕ್ಕ ಬಳೆಗಳನ್ನು ಅಡವಿಟ್ಟಳು. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1975ರಷ್ಟು ಹಿಂದೆಯೇ ಇದರ ಬೀಜರೂಪವನ್ನು ವಿವರಿಸಿದ್ದರಂತೆ. ಬ್ರಿಟಿಷ್ ಸರ್ಕಾರ 2016ರಿಂದ ತನ್ನ ಕೇಂದ್ರದ ಹಣದಲ್ಲಿ ನಡೆಯುವ ಕಾಮಗಾರಿಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಇಲ್ಲಿ ಗೋಡೆಯೆಂದರೆ ಬರಿಯ ಎರಡು ಗೆರೆಗಳಲ್ಲ. ತನ್ನ ದಪ್ಪವೆಷ್ಟು, ಯಾವ ಇಟ್ಟಿಗೆ, ಯಾವ ಗಾರೆ ಎಂಬುದೆಲ್ಲವನ್ನೂ ಆ ಗೋಡೆ ಬಲ್ಲದು. ತೊಲೆಗೂ ಕೊಳವೆಗೂ ಘರ್ಷಣೆಯಾದರೆ ಯಂತ್ರ ಮುಂಚಿತವಾಗಿಯೇ ಎಚ್ಚರಿಸುತ್ತದೆ.

ಆದರೆ ಕಲಿಕೆ ಸುಲಭವಾಗಿರಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಅಭ್ಯಾಸಕ್ಕೆ ಕೊಟ್ಟದ್ದು ಮರದ ಚೌಕಟ್ಟಿನ ಗೋಡೆಯುಳ್ಳ ಪರದೇಶದ ಮನೆ. ಅಂಥದನ್ನು ಹುಡುಗ ಜನ್ಮದಲ್ಲಿ ಕಂಡಿರಲಿಲ್ಲ. ಹಳೆಯ ಕಂಪ್ಯೂಟರು ಆ ಭಾರವನ್ನು ಹೊರಲಾರದೆ ಏದುಸಿರು ಬಿಡುತ್ತಿತ್ತು. ತಂತ್ರಾಂಶದ ವಾರ್ಷಿಕ ಬಾಡಿಗೆ ಸಣ್ಣ ಗುತ್ತಿಗೆದಾರನ ಎದೆಯನ್ನು ನಡುಗಿಸುವಂಥದು. ಹಣ ತೆರದೆ ಬಳಸಬಹುದಾದ ತಂತ್ರಾಂಶಗಳೂ ಇವೆಯೆಂಬುದನ್ನು ಅವನು ತಾನೇ ಹುಡುಕಿ ತಿಳಿದುಕೊಂಡ. ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡೆಂದು ನನ್ನನ್ನು ಕೇಳಿದ. ನಾನು ಎರಡು ರಾತ್ರಿ ನಿದ್ದೆಗೆಟ್ಟು 'ಕಟ್ಟಡ ಮಾಹಿತಿ ಪ್ರತಿರೂಪಣ' ಎಂಬ ಘನವಾದ ಪದವನ್ನು ಸೃಷ್ಟಿಸಿದೆ. ಹುಡುಗ ವಿನಯದಿಂದ ಕೆಮ್ಮಿದ.

ಒಂದು ಭಾನುವಾರ ಅವನು ನಮ್ಮ ಮನೆಯನ್ನೇ ಯಂತ್ರದಲ್ಲಿ ಕಟ್ಟಿ ತೋರಿಸಿದ. ಹಳೆಯ ಎರಡು ನಕ್ಷೆಗಳನ್ನು ಸೇರಿಸಿದೊಡನೆ ತೊಲೆಯೂ ಕೊಳವೆಯೂ ಕೂಡುವೆಡೆ ಕೆಂಪಾಯಿತು. ನಾನು ಮಾತಾಡಲಾರದೆ ಕುಳಿತೆ. ಆ ಕೆಂಪು ಚುಕ್ಕೆ ಒಂದು ವರ್ಷ ಮೊದಲೇ ಕಂಡಿದ್ದರೆ ತಾಯಿಯ ಕೈ ಮುರಿಯುತ್ತಿರಲಿಲ್ಲ.

ಬಾಕಿ ಹಣಕ್ಕಾಗಿ ಬಂದಿದ್ದ ಮೇಸ್ತ್ರಿಗಳೂ ಕುರ್ಚಿಯನ್ನು ಎಳೆದುಕೊಂಡು ನೋಡಿದರು. ಪ್ರತಿಯೊಂದು ಗೋಡೆಗೂ ಹುಟ್ಟು, ಗುಣ, ಆಯುಸ್ಸು ಬರೆದಿಡಬಹುದೆಂದು ಕೇಳಿ, "ಹಾಗಾದರೆ ಇದು ಕಟ್ಟಡದ ಜಾತಕ ಅನ್ನಿ" ಎಂದರು. ನನ್ನ ಎರಡು ರಾತ್ರಿಗಳ ಪಾಂಡಿತ್ಯ ಆ ಒಂದು ಮಾತಿನ ಮುಂದೆ ಮಣ್ಣುಪಾಲಾಯಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಪರದೆಯ ಮೇಲಿನ ಬಚ್ಚಲಿಗೆ ಬೆರಳಿಟ್ಟು, "ತಮ್ಮಾ, ಇಲ್ಲಿ ನೀರು ಯಾವ ಕಡೆಗೆ ಹರಿಯುತ್ತೆ?" ಎಂದು ಕೇಳಿದರು. ಹುಡುಗನ ಮುಖ ಸಪ್ಪಗಾಯಿತು. ನೆಲವನ್ನು ಅವನು ಕನ್ನಡಿಯಂತೆ ಸಮತಟ್ಟಾಗಿ ಎಳೆದಿದ್ದ. ಇಳಿಜಾರು ಕೊಟ್ಟಿರಲೇ ಇಲ್ಲ. ಅವನು ಕೊಡದ ಇಳಿಜಾರನ್ನು ಯಂತ್ರವೂ ಕೇಳಿರಲಿಲ್ಲ. ಕರಣೆ ಹಿಡಿದು ಸವೆದ ಕೈ ಕೇಳಿತು.

ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ 1917ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿಸಿದರು. ಅಷ್ಟಕ್ಕೇ ತೃಪ್ತರಾಗದೆ, 1943ರಲ್ಲಿ ಕೈಕಸುಬಿನ ಶಿಕ್ಷಣಕ್ಕಾಗಿ ಜಯಚಾಮರಾಜೇಂದ್ರ ಸಂಸ್ಥೆಗೂ ಕಾರಣರಾದರು. ಯೋಜಿಸುವ ತಲೆಯೊಂದಕ್ಕೇ ಶಿಕ್ಷಣ ಕೊಟ್ಟರೆ ಸಾಲದು, ಮಾಡುವ ಕೈಗೂ ಬೇಕೆಂದು ಆ ಹಿರಿಯರು ಬಗೆದಿರಬೇಕು. ಇಂದು ಪರದೆಯ ಮುಂದೆ ಕುಳಿತ ಹುಡುಗನಿಗೆ ಕೆಲಸದ ಜಾಗ ತಿಳಿಯದು. ಕೆಲಸದ ಜಾಗದಲ್ಲಿರುವ ಮೇಸ್ತ್ರಿಗೆ ಪರದೆಯನ್ನು ಯಾರೂ ತೋರಿಸರು. ಕಾಗದಗಳು ಮುಖ ನೋಡದಿದ್ದರೆ ತೊಲೆ ಕೆಡುತ್ತದೆ. ಮನುಷ್ಯರೇ ಮುಖ ನೋಡದಿದ್ದರೆ?

ಈಗ ಭಾನುವಾರಗಳಂದು ನನ್ನ ಸೋದರಳಿಯ ಮೇಸ್ತ್ರಿಗಳ ಹಿಂದೆ ರಸಮಟ್ಟ ಹಿಡಿದು ತಿರುಗುತ್ತಾನೆ. ಸಂಜೆ ಅವರಿಗೆ ಪರದೆಯ ಪಾಠವನ್ನು ಅವನು ಒಪ್ಪಿಸುತ್ತಾನೆ. ಯಾರು ಗುರು, ಯಾರು ಶಿಷ್ಯ ಎಂಬುದು ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ.

ಮೊನ್ನೆ ತಾಯಿ ಇಬ್ಬರಿಗೂ ಕಾಫಿ ತಂದಿಟ್ಟು, "ಏನಪ್ಪಾ, ನಿನ್ನ ಯಂತ್ರ ನನ್ನ ಬಚ್ಚಲ ಮೆಟ್ಟಿಲನ್ನು ಇಳಿಸುತ್ತದೆಯೇ?" ಎಂದು ಕೇಳಿದರು.

"ಈ ಮೆಟ್ಟಿಲನ್ನಲ್ಲ ಅಜ್ಜಿ, ಮುಂದೆ ಕಟ್ಟುವವರ ಮನೆಯದನ್ನು" ಎಂದ.

ತಾಯಿ ಒಂದು ಕ್ಷಣ ತಮ್ಮ ಮುಂಗೈಯನ್ನು ಸವರಿಕೊಂಡರು. "ಹಾಗಾದರೆ ಗಮನವಿಟ್ಟು ಕಲಿ" ಎಂದು ಒಳಗೆ ನಡೆದರು. ಆ ಮೆಟ್ಟಿಲ ಬಳಿ ಮಾತ್ರ ಗೋಡೆ ಹಿಡಿದುಕೊಂಡರು.