ಮೌನವೆಲ್ಲ ಮರಣವಲ್ಲ

ನಿಮ್ಮ ಮನೆಯ ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲೆ, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದಾದ ಚಿಪ್ ಒಂದರಲ್ಲಿ ನೆಲೆಸಿರುವ ಪುಟ್ಟ ತಂತ್ರಾಂಶವು ಅದಕ್ಕೂ ಮೊದಲೇ ಕೆಲಸಕ್ಕೆ ತೊಡಗುತ್ತದೆ. ಪ್ರೊಸೆಸರ್ ಸರಿಯಿದೆಯೇ, ರ‍್ಯಾಮ್ ಉತ್ತರಿಸುತ್ತಿದೆಯೇ, ಪರದೆಗೆ ಚಿತ್ರ ಕಳುಹಿಸುವ ಭಾಗ ಸಿದ್ಧವಿದೆಯೇ ಎಂದು ಒಂದೊಂದನ್ನಾಗಿ ವಿಚಾರಿಸಿಕೊಂಡು, ಎಲ್ಲವೂ ಸರಿ ಎಂದಾದ ಮೇಲೆ ಡಿಸ್ಕಿನಲ್ಲಿರುವ ವಿಂಡೋಸಿಗೆ ಕೆಲಸವನ್ನು ಒಪ್ಪಿಸುತ್ತದೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ಜನರ ಬಾಯಲ್ಲಿರುವ ಬಯಾಸ್ ಎಂಬ ಮಾತು ಗ್ಯಾರಿ ಕಿಲ್ಡಾಲ್ ಅವರು 1970ರ ದಶಕದಲ್ಲಿ ರೂಪಿಸಿದ ಸಿಪಿ/ಎಂ ವ್ಯವಸ್ಥೆಯಿಂದ ಬಂದುದು. ಈಗಿನ ಯಂತ್ರಗಳಲ್ಲಿ ಅದರ ಸ್ಥಾನಕ್ಕೆ ಯುಇಎಫ್‌ಐ ಬಂದಿದ್ದರೂ ಹಳೆಯ ಹೆಸರು ಅಳಿದಿಲ್ಲ.

ಹಿಂದೆ ಈ ಚಿಪ್‌ನಲ್ಲಿ ಬರೆದುದನ್ನು ತಿದ್ದಬೇಕಾದರೆ ಚಿಪ್ಪನ್ನೇ ಕಿತ್ತು ಬೇರೊಂದನ್ನು ಕೂರಿಸಬೇಕಾಗಿತ್ತು. 1990ರ ದಶಕದಲ್ಲಿ ಅಳಿಸಿ ಬರೆಯಬಲ್ಲ ಚಿಪ್‌ಗಳು ಬಳಕೆಗೆ ಬಂದವು. ಅನುಕೂಲದೊಡನೆ ಅಪಾಯವೂ ಬಂದಿತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಅನೇಕ ಗಣಕಯಂತ್ರಗಳ ಬಯಾಸನ್ನೇ ಅಳಿಸಿಹಾಕಿ, ಅವು ಆರಂಭವೇ ಆಗದಂತೆ ಮಾಡಿತು. ಬರೆಯಬಲ್ಲದ್ದು ಕೆಡಲೂಬಲ್ಲದು ಎಂಬುದು ಜಗತ್ತಿಗೆ ಅಂದು ತಿಳಿಯಿತು. ಹಾಗೆಂದು ಫರ್ಮ್‌ವೇರನ್ನು ತಿದ್ದದೆಯೇ ಇರಲು ಸಾಧ್ಯವಿಲ್ಲ. ಭದ್ರತೆಯ ಲೋಪಗಳನ್ನು ಮುಚ್ಚಲು ತಯಾರಕರು ಆಗಾಗ ಹೊಸ ಆವೃತ್ತಿಯನ್ನು ನೀಡುತ್ತಾರೆ.

ನನ್ನ ತಮ್ಮನು ಮನೆಯ ಜಗಲಿಯ ಕೋಣೆಯಲ್ಲಿ ಡಿಟಿಪಿ ಕೆಲಸ ಮಾಡುತ್ತಾನೆ. ಮದುವೆಯ ಕರೆಯೋಲೆ, ಸಂಘಗಳ ವರದಿ, ರಸೀದಿ ಪುಸ್ತಕ, ಇವೇ ಅವನ ಸಂಸಾರದ ಆಧಾರ. ಕಳೆದ ಬೇಸಿಗೆಯಲ್ಲಿ ಅವನ ಗಣಕಯಂತ್ರಕ್ಕೆ ಅಂತಹ ಒಂದು ಹೊಸ ಆವೃತ್ತಿ ಬಂದಿತು. ಶೇಕಡಾ ನೂರಕ್ಕೆ ತಲುಪಿ, ಯಂತ್ರವು ತಾನಾಗಿ ಮರುಪ್ರಾರಂಭಗೊಂಡುದನ್ನು ಅವನು ಕಣ್ಣಾರೆ ಕಂಡನು. ಆ ಬಳಿಕ ಪರದೆ ಬೆಳಗಲಿಲ್ಲ. ಆ ವಾರದಲ್ಲಿಯೇ ಅಚ್ಚಿಗೆ ಹೋಗಬೇಕಾಗಿದ್ದ ಎರಡು ಮದುವೆಗಳ ಕರೆಯೋಲೆಗಳು ಅದರೊಳಗಿದ್ದವು. ರಿಪೇರಿಯವರೊಬ್ಬರು ಬಂದು ನಾಲ್ಕಾರು ಸಲ ಗುಂಡಿ ಒತ್ತಿ, ಆರಿಸಿ, ತೀರ್ಪು ನೀಡಿ ಹೋದರು. ತಮ್ಮನು ನನಗೆ ಫೋನು ಮಾಡಿ, “ಅಕ್ಕಾ, ಮದರ್‌ಬೋರ್ಡೇ ಸತ್ತಿದೆಯಂತೆ. ಹೊಸದು ಹಾಕಿಸದೆ ಬೇರೆ ದಾರಿಯಿಲ್ಲವಂತೆ” ಎಂದನು. ಪಾಲಿಟೆಕ್ನಿಕ್‌ನ ಪ್ರಯೋಗಶಾಲೆಯಲ್ಲಿ ಬಹುಕಾಲ ದುಡಿದ ನಾನು, “ಯಾರಿಗೂ ಮುಂಗಡ ಕೊಡಬೇಡ, ನಾನು ಬರುತ್ತೇನೆ” ಎಂದೆ.

ಇಂತಹ ಸಂದರ್ಭದಲ್ಲಿ ಹೊರಗಿನಿಂದ ಒಳಗೆ ಹೋಗಬೇಕು. ಮೊದಲು ಮಾನಿಟರಿನ ವಯರು ಸರಿಯಾದ ಕಿಂಡಿಯಲ್ಲಿದೆಯೇ ಎಂದು ನೋಡಿದೆವು, ಇತ್ತು. ಫ್ಯಾನು ತಿರುಗುತ್ತಿತ್ತು. ಈಗಿನ ಅನೇಕ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರ್, ರ‍್ಯಾಮ್, ಚಿತ್ರಭಾಗ, ಡಿಸ್ಕು ಇವುಗಳಿಗೆಂದು ನಾಲ್ಕು ಪುಟ್ಟ ದೀಪಗಳಿರುತ್ತವೆ. ಗುಂಡಿ ಒತ್ತಿದಾಗ ಪ್ರೊಸೆಸರಿನ ದೀಪ ಕ್ಷಣಕಾಲ ಹೊತ್ತಿ ಆರಿತು. ರ‍್ಯಾಮಿನ ದೀಪ ಹೊತ್ತಿಕೊಂಡು ಅಲ್ಲಿಯೇ ನಿಂತಿತು. ಓದುಗರೇ, ಇದನ್ನು ಗಮನಿಸಿರಿ. ಫರ್ಮ್‌ವೇರ್ ಪೂರ್ತಿ ಅಳಿದಿದ್ದರೆ ಮೊದಲ ಪರೀಕ್ಷೆಯನ್ನು ಮುಗಿಸಿ ಎರಡನೆಯದಕ್ಕೆ ಬರುವವರು ಯಾರು? ಒಳಗೆ ಯಾರೋ ಇನ್ನೂ ಕೆಲಸ ಮಾಡುತ್ತಿದ್ದರು.

ಫರ್ಮ್‌ವೇರ್ ಬದಲಾದಾಗ ರ‍್ಯಾಮಿನ ಕುರಿತು ಅದು ಕಲಿತಿಟ್ಟುಕೊಂಡ ಅಳತೆಗಳು ಅಳಿದುಹೋಗುವುದುಂಟು. ಡಿಡಿಆರ್5 ಎಂಬ ಹೊಸ ಬಗೆಯ ರ‍್ಯಾಮ್ ಇರುವ ಯಂತ್ರಗಳಲ್ಲಿ ಅದನ್ನು ಮರಳಿ ಕಲಿಯಲು ಹಲವು ನಿಮಿಷಗಳೇ ಬೇಕಾಗಬಹುದು. ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಒಂದು ನಿಮಿಷಕ್ಕೆ ಬೇಸತ್ತು ಆರಿಸಿದರೆ ಪಾಠ ಮತ್ತೆ ಮೊದಲಿನಿಂದ. ನಾವು ಹದಿನೈದು ನಿಮಿಷ ಕಾದೆವು. ದೀಪ ಕದಲಲಿಲ್ಲ.

ಆಗ ವಿದ್ಯುತ್ತಿನ ವಯರನ್ನು ಕಿತ್ತು, ಉಳಿದ ವಿದ್ಯುತ್ತು ಹರಿದುಹೋಗಲೆಂದು ಗುಂಡಿಯನ್ನು ಕೆಲ ಕ್ಷಣ ಒತ್ತಿ ಹಿಡಿದೆವು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂತಹ 3 ವೋಲ್ಟಿನ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದೆವು. ಹಳೆಯ ಹೊಂದಾಣಿಕೆಗಳು ಅಳಿಸಿಹೋಗಲು ಇದು ದಾರಿ. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ಹೊರಗಿಟ್ಟು, ಇನ್ನೊಂದನ್ನು ತೆಗೆದು ಭದ್ರವಾಗಿ ಕೂರಿಸಿದೆವು. ಗುಂಡಿ ಒತ್ತಿ ಮತ್ತೆ ಕಾದೆವು. ತಮ್ಮನ ಕೈ ಎರಡು ಸಲ ಗುಂಡಿಯತ್ತ ಹೋಯಿತು. ಎರಡು ಸಲವೂ ನಾನು ತಡೆದೆ. ಎಂಟು ನಿಮಿಷಗಳ ಬಳಿಕ ಪರದೆಯ ಮೇಲೆ ತಯಾರಕರ ಗುರುತು ಮೂಡಿತು.

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ನೀಲಿ ಪರದೆಯೊಂದು ತೆರೆದು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳಿತು. ವಿಂಡೋಸ್ ಡಿಸ್ಕಿಗೆ ಬೀಗ ಹಾಕಿಟ್ಟಿರುತ್ತದೆ. ಫರ್ಮ್‌ವೇರ್ ಬದಲಾದರೆ, ಯಾರೋ ಡಿಸ್ಕನ್ನು ಕದ್ದೊಯ್ದು ಬೇರೆಡೆ ತೆರೆಯುತ್ತಿರಬಹುದೆಂದು ಅದು ಶಂಕಿಸುವುದುಂಟು. ಹೊಸ ಮದರ್‌ಬೋರ್ಡು ಹಾಕಿಸಿದ್ದರೂ ಇದೇ ಬಾಗಿಲಿನ ಮುಂದೆ ನಿಲ್ಲಬೇಕಾಗಿತ್ತು. ಡಿಸ್ಕಿನಲ್ಲಿದ್ದ ಕಡತಗಳಿಗೆ ಕೂದಲೆಳೆಯಷ್ಟೂ ಹಾನಿಯಾಗಿರಲಿಲ್ಲ, ಆದರೆ ಕೀಲಿಯಿಲ್ಲದಿದ್ದರೆ ಅವು ಇದ್ದೂ ಇಲ್ಲದಂತೆ. ತಮ್ಮನ ಮಗನು ಯಂತ್ರವನ್ನು ಮೊದಲು ಸಿದ್ಧಗೊಳಿಸಿದಾಗ ತನ್ನ ಮೈಕ್ರೋಸಾಫ್ಟ್ ಖಾತೆಯನ್ನೇ ಬಳಸಿದ್ದನು. ದೂರದ ಊರಿನಲ್ಲಿದ್ದ ಅವನು ಖಾತೆಯನ್ನು ತೆರೆದು, ಪರದೆಯ ಮೇಲಿನ ಗುರುತುಸಂಖ್ಯೆಗೆ ಹೊಂದುವ ಕೀಲಿಯನ್ನು ಫೋನಿನಲ್ಲಿ ಆರಾರು ಅಂಕಿಗಳಾಗಿ ಓದಿ ಹೇಳಿದನು. ಬಾಗಿಲು ತೆರೆಯಿತು. ಕರೆಯೋಲೆಗಳು ಅಚ್ಚಾದವು. ಹೊರಗಿಟ್ಟಿದ್ದ ರ‍್ಯಾಮ್ ಪಟ್ಟಿಯೂ ಮರುದಿನ ತನ್ನ ಸ್ಥಾನದಲ್ಲಿ ಸರಿಯಾಗಿಯೇ ಕೆಲಸ ಮಾಡಿತು.

ಇಷ್ಟಕ್ಕೂ ಫಲ ಸಿಗದಿದ್ದರೂ ದಾರಿ ಮುಗಿಯುವುದಿಲ್ಲ. ಹಲವು ಮದರ್‌ಬೋರ್ಡುಗಳಲ್ಲಿ, ಪರದೆ ಕಾಣದಿದ್ದರೂ ಪೆನ್‌ಡ್ರೈವಿನಿಂದ ಫರ್ಮ್‌ವೇರನ್ನು ಮರಳಿ ಬರೆಯುವ ಗುಂಡಿಯೊಂದಿರುತ್ತದೆ. ಕಡತದ ಹೆಸರು, ಪೆನ್‌ಡ್ರೈವನ್ನು ಸಿಕ್ಕಿಸಬೇಕಾದ ಕಿಂಡಿ ಇವು ಕೈಪಿಡಿಯಲ್ಲಿವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಿರ್ದಿಷ್ಟ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಹಳೆಯ ಪ್ರತಿ ಮರಳುತ್ತದೆ. ಅದೂ ಆಗದಿದ್ದರೆ, ನುರಿತ ತಂತ್ರಜ್ಞರು ಚಿಪ್‌ಗೆ ಉಪಕರಣವೊಂದನ್ನು ಜೋಡಿಸಿ ನೇರವಾಗಿ ಬರೆಯಬಲ್ಲರು. ಮದರ್‌ಬೋರ್ಡನ್ನು ಎಸೆಯುವ ಮಾತು ಬರಬೇಕಾದುದು ಇವೆಲ್ಲದರ ನಂತರ.

ಆದುದರಿಂದ ಓದುಗರೇ, ಉತ್ತರ ಬಾರದ ಕಡೆ ಆತುರದಿಂದ ಅಂತ್ಯವನ್ನು ಘೋಷಿಸಬೇಡಿರಿ. ಯಂತ್ರದ ವಿಷಯದಲ್ಲಿಯೂ ತೀರ್ಪು ಸುಲಭ, ವಿಚಾರಣೆ ಕಷ್ಟ. ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಚಿಕ್ಕ ದೀಪವೊಂದು ಏನು ಹೇಳುತ್ತಿದೆಯೆಂದು ನೋಡುತ್ತ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತ ಕಾಯುವುದು. ಕಾಯುವ ಧೈರ್ಯವಾದರೋ ಮುನ್ನೆಚ್ಚರಿಕೆಯಿಂದ ಬರುತ್ತದೆ. ಫರ್ಮ್‌ವೇರ್ ಬದಲಿಸುವ ಮೊದಲು ಮುಖ್ಯ ಕಡತಗಳ ಪ್ರತಿಯೊಂದನ್ನು ಬೇರೆಡೆ ಇರಿಸಿರಿ. ಕರೆಂಟು ಹೋಗುವ ಊರಾದರೆ ಯುಪಿಎಸ್ ಇರಲಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿರಲಿ. ಅವಸರದ ಕೆಲಸವಿರುವ ವಾರದಲ್ಲಿ ಅದಕ್ಕೆ ಕೈಹಾಕಬೇಡಿರಿ. ಬರೆಯುವ ಕೆಲಸ ನಡೆಯುತ್ತಿರುವಾಗ ಯಾವ ಕಾರಣಕ್ಕೂ ಆರಿಸಬೇಡಿರಿ. ಇನ್ನು ಆ 48 ಅಂಕಿಗಳ ಕೀಲಿ ಯಾರ ಖಾತೆಯಲ್ಲಿದೆಯೆಂದು ಇಂದೇ ಮಕ್ಕಳನ್ನು ಕೇಳಿ, ಕಾಗದದ ಮೇಲೆ ಬರೆದು, ರೇಷನ್ ಕಾರ್ಡು, ಮನೆಯ ಪತ್ರಗಳೊಡನೆ ಕಪಾಟಿನಲ್ಲಿ ಭದ್ರವಾಗಿರಿಸಿರಿ.